ಎಣಿಕೆಯ ದಿನದ ಆಕ್ಷೇಪ: ಅಮೆರಿಕ ಕಾಂಗ್ರೆಸ್ಸಿನಲ್ಲಿ ಮತದಾನದ ಹಕ್ಕಿನ ಪ್ರಶ್ನೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ನವೆಂಬರಿನಲ್ಲೇ ಲೋಕಕ್ಕೆಲ್ಲ ತಿಳಿದಿರುತ್ತದೆಯಾದರೂ ಕಾನೂನಿನ ಲೆಕ್ಕದಲ್ಲಿ ಅದು ಪೂರ್ಣಗೊಳ್ಳುವುದು ಜನವರಿ 6ರಂದು, ಅಧ್ಯಕ್ಷರನ್ನು ವಿಧಿವತ್ತಾಗಿ ಆರಿಸಲು ಜನರ ಮತದಿಂದ ನೇಮಕವಾಗುವ ರಾಜ್ಯಗಳ ಎಲೆಕ್ಟರ್‌ಗಳು ಚಲಾಯಿಸಿದ ಮತಗಳನ್ನು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ತೆರೆದು ಎಣಿಸಿದಾಗ. ಉಪಾಧ್ಯಕ್ಷರು ಪೀಠದಲ್ಲಿ ಕುಳಿತು ವರ್ಣಮಾಲೆಯ ಕ್ರಮದಲ್ಲಿ ಒಂದೊಂದೇ ರಾಜ್ಯದ ಪತ್ರಗಳನ್ನು ಮುಂದಿಡುವ ಈ ವಿಧಿ ಸಾಮಾನ್ಯವಾಗಿ ಯಾರ ಗಮನವನ್ನೂ ಸೆಳೆಯದೆ ಮುಗಿದುಹೋಗುತ್ತದೆ. 2004ರ ಚುನಾವಣೆಯ ಮತಗಳನ್ನು ಎಣಿಸಿದ 2005ರಲ್ಲಿ ಹಾಗಾಗಲಿಲ್ಲ. ಓಹಾಯೊ ರಾಜ್ಯದ ಸರದಿ ಬಂದಾಗ ಅದೇ ರಾಜ್ಯದ ಕ್ಲೀವ್‌ಲ್ಯಾಂಡ್ ಭಾಗದ ಪ್ರತಿನಿಧಿ ಸ್ಟೆಫನಿ ಟಬ್ಸ್ ಜೋನ್ಸ್ ಲಿಖಿತ ಆಕ್ಷೇಪ ಮಂಡಿಸಿದರು. ಕ್ಯಾಲಿಫೋರ್ನಿಯಾದ ಸೆನೆಟರ್ ಬಾರ್ಬರಾ ಬಾಕ್ಸರ್ ಅದಕ್ಕೆ ಸಹಿ ಹಾಕಿದ್ದರು. ಪೀಠದಲ್ಲಿದ್ದ ಉಪಾಧ್ಯಕ್ಷ ಡಿಕ್ ಚೇನಿ ಎಣಿಕೆಯನ್ನು ನಿಲ್ಲಿಸಿ, ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಎರಡೂ ಸದನಗಳು ಪ್ರತ್ಯೇಕವಾಗಿ ಸೇರಿ ಚರ್ಚಿಸಬೇಕೆಂದು ಪ್ರಕಟಿಸಬೇಕಾಯಿತು.

ಒಬ್ಬ ಪ್ರತಿನಿಧಿ ಮತ್ತು ಒಬ್ಬ ಸೆನೆಟರ್ ಸೇರಿದರೆ ಸಾಕು, ಇಡೀ ಕಾಂಗ್ರೆಸ್ ಎರಡು ಗಂಟೆಗಳವರೆಗಿನ ಚರ್ಚೆಗೆ ಕೂರಲೇಬೇಕು ಎಂಬ ಆಗಿನ ಈ ನಿಯಮ 1887ರ ಎಲೆಕ್ಟೋರಲ್ ಕೌಂಟ್ ಕಾಯ್ದೆಯದು. ಅದರ ಹಿಂದಿದ್ದದ್ದು 1876ರ ಚುನಾವಣೆಯ ಕಹಿ ನೆನಪು. ಆಗ ಡೆಮಾಕ್ರಟಿಕ್ ಪಕ್ಷದ ಸ್ಯಾಮ್ಯುಯೆಲ್ ಟಿಲ್ಡನ್‌ಗೆ 184, ರಿಪಬ್ಲಿಕನ್ ಪಕ್ಷದ ರದರ್‌ಫರ್ಡ್ ಹೇಯ್ಸ್‌ಗೆ 165 ಎಲೆಕ್ಟರ್ ಮತಗಳು ನಿಶ್ಚಿತವಾಗಿದ್ದವು. ಫ್ಲಾರಿಡಾ, ಲೂಸಿಯಾನಾ, ಸೌತ್ ಕ್ಯಾರೊಲಿನಾಗಳದ್ದು ಮತ್ತು ಆರೆಗನ್‌ನ ಒಂದು ಸೇರಿ ಉಳಿದ 20 ಮತಗಳು ವಿವಾದದಲ್ಲಿದ್ದವು. ದಕ್ಷಿಣದ ಆ ಮೂರು ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಗೊಂಡ ಕಪ್ಪು ಜನರನ್ನು ಮತಗಟ್ಟೆಗೆ ಬಾರದಂತೆ ಬೆದರಿಸಲಾಗಿತ್ತು, ಕೊಲ್ಲಲಾಗಿತ್ತು. ಸಂಸದರೂ ನ್ಯಾಯಮೂರ್ತಿಗಳೂ ಇದ್ದ 15 ಮಂದಿಯ ಆಯೋಗ 8–7ರ ಅಂತರದಲ್ಲಿ ಅಷ್ಟೂ ಮತಗಳನ್ನು ಹೇಯ್ಸ್‌ಗೆ ಕೊಟ್ಟಿತು. ಅವರು ಗೆದ್ದರು, ಕೆಲವೇ ವಾರಗಳಲ್ಲಿ ದಕ್ಷಿಣದ ರಾಜಧಾನಿಗಳಲ್ಲಿ ಕಾವಲಿದ್ದ ಒಕ್ಕೂಟ ಸರ್ಕಾರದ ಸೈನ್ಯ ಹಿಂದೆ ಸರಿಯಿತು. ಯಾರ ಮತದ ಹೆಸರಿನಲ್ಲಿ ಜಗಳ ಆರಂಭವಾಯಿತೋ ಅವರೇ ಮುಂದಿನ ಎಂಬತ್ತು–ತೊಂಬತ್ತು ವರ್ಷ ಬಹುಮಟ್ಟಿಗೆ ಮತದ ಹಕ್ಕಿಲ್ಲದೆ ಉಳಿದರು. ಹತ್ತು ವರ್ಷಗಳ ನಂತರ ಬಂದ ಕಾಯ್ದೆಯಾದರೂ ಎಣಿಕೆಯ ದಿನ ಗೊಂದಲವಾಗದಂತೆ ನೋಡಿಕೊಂಡಿತೇ ಹೊರತು ಮತಗಟ್ಟೆಯ ಬಾಗಿಲಲ್ಲಿ ಏನಾಗುತ್ತದೆ ಎಂಬ ಗೋಜಿಗೆ ಹೋಗಲಿಲ್ಲ.

ಆ ಬಳಿಕ ಬಹುಕಾಲ ಈ ನಿಯಮವನ್ನು ಯಾರೂ ಬಳಸಲಿಲ್ಲ. 1969ರಲ್ಲಿ ನಾರ್ತ್ ಕ್ಯಾರೊಲಿನಾದ ಎಲೆಕ್ಟರ್ ಒಬ್ಬರು ನಿಕ್ಸನ್‌ಗೆ ಹಾಕಬೇಕಿದ್ದ ಮತವನ್ನು ಇನ್ನೊಬ್ಬ ಅಭ್ಯರ್ಥಿ ಜಾರ್ಜ್ ವಾಲೆಸ್‌ಗೆ ಹಾಕಿದ್ದನ್ನು ಸೆನೆಟರ್ ಎಡ್ಮಂಡ್ ಮಸ್ಕಿ ಮತ್ತು ಪ್ರತಿನಿಧಿ ಜೇಮ್ಸ್ ಓಹಾರಾ ಪ್ರಶ್ನಿಸಿದರು, ಎರಡೂ ಸದನಗಳಲ್ಲಿ ಸೋತರು. ಅದು ಒಬ್ಬ ಎಲೆಕ್ಟರ್‌ನ ನಿಷ್ಠೆಯ ಪ್ರಶ್ನೆಯಾಗಿತ್ತು, ಮತದಾರರದ್ದಲ್ಲ.

ಮತದಾರರ ಪ್ರಶ್ನೆ ಸದನಕ್ಕೆ ಬಂದದ್ದು 2001ರಲ್ಲಿ. 2000ರ ಚುನಾವಣೆಯಲ್ಲಿ ಫ್ಲಾರಿಡಾದ 537 ಮತಗಳ ಅಂತರ, ಮರುಎಣಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್ ತೀರ್ಪು, ಜಾರ್ಜ್ ಬುಷ್ ಗೆಲುವು—ಇವೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಹೊರಗೆ ಕೇಳಿಬರದ ಸಂಗತಿಯೆಂದರೆ, ಅಪರಾಧಿಗಳೆಂದು ತಪ್ಪಾಗಿ ಗುರುತಿಸಿ ಮತದಾರರ ಪಟ್ಟಿಯಿಂದ ಹೆಸರು ಕಿತ್ತುಹಾಕಲಾದವರ ದೂರು, ತಿರಸ್ಕೃತವಾದ ಮತಪತ್ರಗಳ ರಾಶಿ. ಕಪ್ಪು ಮತದಾರರ ಮತಪತ್ರ ತಿರಸ್ಕೃತವಾಗುವ ಸಂಭವ ಇತರರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು ಎಂದು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ ಅದೇ ವರ್ಷದ ವರದಿಯಲ್ಲಿ ಹೇಳಿತು. ಕಪ್ಪು ಸಂಸದರ ಕೂಟದ ಸದಸ್ಯರು ಒಬ್ಬರಾದ ಮೇಲೊಬ್ಬರು ಎದ್ದು ಆಕ್ಷೇಪಿಸಿದರು. ಯಾರ ಪತ್ರದಲ್ಲಿಯೂ ಸೆನೆಟರ್ ಸಹಿ ಇರಲಿಲ್ಲ. ನೂರು ಮಂದಿಯ ಸೆನೆಟ್‌ನಲ್ಲಿ ಆಗ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ. ಸೆನೆಟರ್ ಸಹಿ ಇಲ್ಲದಿದ್ದರೆ ತನಗೇನೂ ಚಿಂತೆಯಿಲ್ಲ ಎಂದ ಮ್ಯಾಕ್ಸೀನ್ ವಾಟರ್ಸ್ ಅವರಿಗೆ, ನಿಯಮಗಳಿಗೆ ಆ ಚಿಂತೆ ಇದೆ ಎಂದು ಪೀಠದಿಂದ ಉತ್ತರ ಬಂತು. ಪೀಠದಲ್ಲಿದ್ದವರು ಬೇರೆ ಯಾರೂ ಅಲ್ಲ, ತಮ್ಮ ಸೋಲನ್ನು ತಾವೇ ಘೋಷಿಸಬೇಕಾಗಿದ್ದ ಉಪಾಧ್ಯಕ್ಷ ಆಲ್ ಗೋರ್. ಸಹಿ ಹಾಕಬೇಡಿರೆಂದು ಗೋರ್ ಅವರೇ ಕೇಳಿಕೊಂಡಿದ್ದರಿಂದ ಅಂದು ಸುಮ್ಮನಿದ್ದೆ, ಹಾಗೆ ಇರಬಾರದಿತ್ತು ಎಂದು ಬಾಕ್ಸರ್ ನಾಲ್ಕು ವರ್ಷಗಳ ನಂತರ ಹೇಳಿಕೊಂಡರು. 2005ರ ಸಹಿಯ ಮೂಲ ಅಲ್ಲಿದೆ.

ಓಹಾಯೊದಲ್ಲಿ ಬುಷ್ ಗೆದ್ದದ್ದು ಸುಮಾರು 1.18 ಲಕ್ಷ ಮತಗಳಿಂದ. ಅಂತರ ಫ್ಲಾರಿಡಾದಷ್ಟು ಕಿರಿದಾಗಿರಲಿಲ್ಲ, ಆದರೆ ದೂರುಗಳು ಹೆಚ್ಚು ನಿರ್ದಿಷ್ಟವಾಗಿದ್ದವು. ಅಲ್ಲಿ ಚುನಾವಣೆ ನಡೆಸುವ ಹೊಣೆ ಹೊತ್ತ ರಾಜ್ಯ ಕಾರ್ಯದರ್ಶಿ ಕೆನ್ ಬ್ಲ್ಯಾಕ್‌ವೆಲ್, ಬುಷ್ ಅವರ ರಾಜ್ಯ ಪ್ರಚಾರ ಸಮಿತಿಯ ಗೌರವ ಸಹಾಧ್ಯಕ್ಷರೂ ಆಗಿದ್ದರು. ಮತದಾರರ ನೋಂದಣಿ ಅರ್ಜಿಗಳು 80 ಪೌಂಡ್ ದರ್ಜೆಯ ದಪ್ಪ ಕಾಗದದಲ್ಲಿ ಇಲ್ಲದಿದ್ದರೆ ಸ್ವೀಕರಿಸಕೂಡದೆಂದು ಅವರು ಹೊರಡಿಸಿದ ಆದೇಶ, ಟೀಕೆ ಎದ್ದ ಮೇಲೆ ಹಿಂದೆ ಸರಿಯಿತು. ಹೆಸರಿನ ಬಗ್ಗೆ ತಕರಾರಿದ್ದವರಿಗೆ ಕೊಡುವ ತಾತ್ಕಾಲಿಕ ಮತಪತ್ರವನ್ನು ಸ್ವಂತ ಮತಗಟ್ಟೆಯಲ್ಲೇ ಹಾಕದಿದ್ದರೆ ಎಣಿಸುವುದಿಲ್ಲವೆಂಬ ಆದೇಶ ಮಾತ್ರ ಉಳಿಯಿತು. ಚುನಾವಣೆಯ ದಿನ ಕೊಲಂಬಸ್ ನಗರದ ಕಪ್ಪು ಜನರ ಬಡಾವಣೆಗಳಲ್ಲಿ ಮತಯಂತ್ರಗಳು ಸಾಲದೆ ಜನ ಮಳೆಯಲ್ಲಿ ಗಂಟೆಗಟ್ಟಲೆ ಸರದಿಯಲ್ಲಿ ನಿಂತರು, ಎಷ್ಟೋ ಮಂದಿ ಕೆಲಸಕ್ಕೆ ಹೊತ್ತಾಯಿತೆಂದು ಮತ ಹಾಕದೆ ಹೊರಟುಹೋದರು. ಕೆನ್ಯನ್ ಕಾಲೇಜಿನ ವಿದ್ಯಾರ್ಥಿಗಳು ಮತ ಹಾಕುವ ಗ್ಯಾಂಬಿಯರ್ ಎಂಬ ಸಣ್ಣ ಊರಿನಲ್ಲಿ ಇದ್ದದ್ದು ಎರಡೇ ಯಂತ್ರ. ಅಲ್ಲಿ ಕೆಲವರು ಹತ್ತು ಗಂಟೆ ಕಾದರು, ಮತದಾನ ಮುಗಿಯುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಡೆಮಾಕ್ರಟಿಕ್ ಪಕ್ಷ ಮುಂದೆ ಮಾಡಿಸಿದ ಅಧ್ಯಯನದ ಪ್ರಕಾರ ಓಹಾಯೊದ ಕಪ್ಪು ಮತದಾರರು ಸರಾಸರಿ 52 ನಿಮಿಷ, ಬಿಳಿಯರು 18 ನಿಮಿಷ ಕಾದಿದ್ದರು. ಫಲಿತಾಂಶವನ್ನೇ ಬದಲಿಸುವಂಥ ವಂಚನೆ ನಡೆದಿತ್ತು ಎನ್ನಲು ಆಧಾರ ಸಿಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು.

ಫಲಿತಾಂಶವನ್ನು ಬುಡಮೇಲು ಮಾಡುವುದು ತನ್ನ ಉದ್ದೇಶವಲ್ಲ, ಈ ಅಕ್ರಮಗಳ ಬಗ್ಗೆ ಸದನದಲ್ಲಿ ವಿಧಿವತ್ತಾದ ಚರ್ಚೆ ನಡೆಯಬೇಕು ಎಂಬುದಷ್ಟೇ ಎಂದು ಟಬ್ಸ್ ಜೋನ್ಸ್ ಸ್ಪಷ್ಟವಾಗಿ ಹೇಳಿದರು. ಬುಷ್ ಎದುರು ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿ ಆಕ್ಷೇಪದಲ್ಲಿ ಭಾಗಿಯಾಗಲಿಲ್ಲ. ಆಗಷ್ಟೇ ಸೆನೆಟ್ ಸೇರಿದ್ದ ಬರಾಕ್ ಒಬಾಮ, ಬುಷ್ ಗೆದ್ದಿರುವುದರಲ್ಲಿ ತಮಗೆ ಅನುಮಾನವಿಲ್ಲ, ಆದರೂ ಈ ದೂರುಗಳನ್ನು ಸರಿಪಡಿಸಲೇಬೇಕು ಎಂದು ಮಾತನಾಡಿದರು. ಕೊನೆಗೆ ಸೆನೆಟ್‌ನಲ್ಲಿ 74–1, ಪ್ರತಿನಿಧಿ ಸಭೆಯಲ್ಲಿ 267–31 ಮತಗಳಿಂದ ಆಕ್ಷೇಪ ಬಿದ್ದುಹೋಯಿತು. ಸೆನೆಟ್‌ನ ಆ ಒಂದು ಮತ ಬಾಕ್ಸರ್ ಅವರದೇ.

ನನಗೆ ಕಾಣುವಂತೆ ಇಲ್ಲಿನ ತೊಡಕು ದೂರಿನಲ್ಲಿರಲಿಲ್ಲ, ಕೈಗೆ ಸಿಕ್ಕ ಸಾಧನದಲ್ಲಿತ್ತು. ಕಾಯ್ದೆಯ ಪ್ರಕಾರ ಆಕ್ಷೇಪ ಗೆದ್ದರೆ ಸಿಗುವ ಪರಿಹಾರ ಒಂದೇ: ಆ ರಾಜ್ಯದ ಎಲೆಕ್ಟರ್ ಮತಗಳನ್ನು ಎಣಿಕೆಯಿಂದ ಹೊರಗಿಡುವುದು. ಮಳೆಯಲ್ಲಿ ನಿಂತು ಮತ ಕಳೆದುಕೊಂಡವರ ಪರವಾಗಿ ಮಾತನಾಡಲು, ಮತ ಹಾಕಿದ ಸುಮಾರು 56 ಲಕ್ಷ ಓಹಾಯೊ ಜನರ ತೀರ್ಪನ್ನೇ ತಿರಸ್ಕರಿಸಿ ಎಂದು ಕಾಗದದ ಮೇಲೆ ಕೇಳಬೇಕಿತ್ತು. ನೆಗಡಿಯಾಯಿತೆಂದು ಮೂಗು ಕೊಯ್ಯುವ ಕಾನೂನು. ಸದನ ತಮ್ಮ ಮಾತನ್ನು ಕೇಳಲೇಬೇಕಾದ ಮತ್ತೊಂದು ಸಂದರ್ಭ ಬಹುಮತವಿಲ್ಲದ ಪಕ್ಷದವರಿಗೆ ಇರಲಿಲ್ಲವಾದ್ದರಿಂದ ಅವರು ಇದನ್ನೇ ಹಿಡಿದರು. ಚರ್ಚೆ ಪೂರ್ತಿ ವ್ಯರ್ಥವಾಯಿತು ಎನ್ನುವಂತಿಲ್ಲ. ಕಾರಣ ಹೇಳದೆಯೇ ಅಂಚೆಯಲ್ಲಿ ಮತ ಹಾಕುವ ಅವಕಾಶವನ್ನು ಓಹಾಯೊ 2006ರಿಂದ ಎಲ್ಲರಿಗೂ ತೆರೆಯಿತು. ಆದರೆ ಬಾಕ್ಸರ್ ಮತ್ತು ಟಬ್ಸ್ ಜೋನ್ಸ್ ಕೆಲವೇ ವಾರಗಳಲ್ಲಿ ಹಿಲರಿ ಕ್ಲಿಂಟನ್ ಜೊತೆ ಸೇರಿ ತಂದ ರಾಷ್ಟ್ರಮಟ್ಟದ ಚುನಾವಣಾ ಸುಧಾರಣೆಯ ಮಸೂದೆ ಅಂಗೀಕಾರವಾಗಲಿಲ್ಲ.

2017ರಲ್ಲಿ ಟ್ರಂಪ್ ಗೆದ್ದಾಗಲೂ ಕೆಲವು ಡೆಮಾಕ್ರಟಿಕ್ ಪ್ರತಿನಿಧಿಗಳು ಎದ್ದು ನಿಂತರು. ಅವರಲ್ಲಿ ಚೆನ್ನೈನಲ್ಲಿ ಹುಟ್ಟಿದ, ಹೆತ್ತವರು ಬೆಂಗಳೂರಿನಲ್ಲಿರುವ ಪ್ರಮೀಳಾ ಜಯಪಾಲ್ ಕೂಡ ಒಬ್ಬರು. ಸದಸ್ಯೆಯಾಗಿ ಪ್ರಮಾಣವಚನ ಸ್ವೀಕರಿಸಿ ಆಗಿನ್ನೂ ಮೂರು ದಿನ. ಸೆನೆಟರ್ ಸಹಿ ಇಲ್ಲದ ಅವರ ಆಕ್ಷೇಪಕ್ಕೆ ಪೀಠದಲ್ಲಿದ್ದ ಜೋ ಬೈಡನ್, ಇದು ಮುಗಿದ ವಿಷಯ ಎಂದುಬಿಟ್ಟರು.

2021ರಲ್ಲಿ ಅದೇ ಬಾಗಿಲಿನಿಂದ ಒಳಬಂದದ್ದು ಬೇರೆಯೇ ಜಾತಿಯ ಆಕ್ಷೇಪ. ಸೋಲೊಪ್ಪದ ಅಧ್ಯಕ್ಷ ಟ್ರಂಪ್ ಅದರ ಹಿಂದಿದ್ದರು. ಅರವತ್ತಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ನಿಲ್ಲದ ವಂಚನೆಯ ಆರೋಪ ಅದರ ಬಂಡವಾಳವಾಗಿತ್ತು. ಅರಿಝೋನಾದ ಮತಗಳ ಚರ್ಚೆ ನಡೆದಿರುವಾಗಲೇ ಅವರ ಬೆಂಬಲಿಗರ ಗುಂಪು ಕಾಂಗ್ರೆಸ್ ಸೇರುವ ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿತು. ಅದಾದ ಮೇಲೂ ಪೆನ್ಸಿಲ್ವೇನಿಯಾ ವಿರುದ್ಧದ ಆಕ್ಷೇಪಕ್ಕೆ ಪ್ರತಿನಿಧಿ ಸಭೆಯಲ್ಲಿ 138 ಮತಗಳು ಬಿದ್ದವು. ನೀವೂ 2005ರಲ್ಲಿ ಇದನ್ನೇ ಮಾಡಿರಲಿಲ್ಲವೇ ಎಂದು ರಿಪಬ್ಲಿಕನ್ನರು ಕೇಳಿದರು. ಆ ದಾಳಿಯ ತನಿಖಾ ಸಮಿತಿಯ ಅಧ್ಯಕ್ಷರಾದ ಬೆನ್ನಿ ಥಾಮ್ಸನ್ ಸ್ವತಃ 2005ರಲ್ಲಿ ಆಕ್ಷೇಪದ ಪರ ಮತ ಹಾಕಿದ ಆ 31 ಮಂದಿಯಲ್ಲಿ ಒಬ್ಬರಾಗಿದ್ದರಿಂದ ಪ್ರಶ್ನೆ ಚುಚ್ಚುವಂತೆಯೇ ಇತ್ತು. ಗೆದ್ದವರು ಯಾರೆಂಬುದನ್ನು ಒಪ್ಪಿಕೊಂಡು ಸರದಿಯ ಉದ್ದವನ್ನು ಪ್ರಶ್ನಿಸುವುದಕ್ಕೂ ಗೆದ್ದವರನ್ನೇ ಅಲ್ಲಗಳೆಯುವುದಕ್ಕೂ ಇರುವ ಅಂತರ ದೊಡ್ಡದು. ಆದರೆ 1887ರ ಕಾಯ್ದೆಗೆ ಎರಡೂ ಒಂದೇ: ಎರಡು ಸಹಿಗಳು, ಎರಡು ಗಂಟೆ.

2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ, ಪ್ರತಿ ಸದನದ ಐದನೇ ಒಂದು ಭಾಗದಷ್ಟು, ಅಂದರೆ 87 ಪ್ರತಿನಿಧಿಗಳು ಮತ್ತು 20 ಸೆನೆಟರ್‌ಗಳ ಸಹಿ ಬೇಕೆಂದು ವಿಧಿಸಿತು. ಎಲೆಕ್ಟರ್‌ಗಳ ನೇಮಕಕ್ಕೆ ಕಾನೂನುಬದ್ಧ ದೃಢೀಕರಣವಿಲ್ಲ ಅಥವಾ ಎಲೆಕ್ಟರ್ ಮತ ಕ್ರಮಬದ್ಧವಾಗಿಲ್ಲ ಎಂಬ ಎರಡು ಕಾರಣಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಈಗ ಅವಕಾಶವಿಲ್ಲ. ಮತಯಂತ್ರ ಸಾಲದೆ ಹೋದದ್ದು ಅವುಗಳಲ್ಲಿ ಸೇರುವುದಿಲ್ಲ. ಅಂಥ ದೂರುಗಳಿಗೆ ಉತ್ತರವಾಗಬಹುದಾಗಿದ್ದ ಮತದಾನದ ಹಕ್ಕುಗಳ ಮಸೂದೆ, 2005ರ 31 ಮಂದಿಯಲ್ಲೊಬ್ಬರಾಗಿದ್ದ ಹೋರಾಟಗಾರ ಜಾನ್ ಲೂಯಿಸ್ ಅವರ ಹೆಸರು ಹೊತ್ತು ಪ್ರತಿನಿಧಿ ಸಭೆಯನ್ನು ದಾಟಿತ್ತು. ಎಣಿಕೆಯ ಕಾಯ್ದೆಯನ್ನು ತಿದ್ದಿದ ಅದೇ ಸೆನೆಟ್‌ನಲ್ಲಿ, ಅದೇ 2022ರ ಜನವರಿಯಲ್ಲಿ, ಚರ್ಚೆ ಮುಗಿಸಿ ಮತಕ್ಕೆ ಹಾಕಲು ಬೇಕಾದ 60 ಮತಗಳು ಸಿಗದೆ ಅದು ಅಲ್ಲಿಗೇ ನಿಂತಿತು.