ವಿದೇಶದಿಂದ ಬಂದ ಸಹೋದ್ಯೋಗಿ ಇಲ್ಲಿ ಯಾರ ಕೈಕೆಳಗೆ ಕೆಲಸ ಮಾಡಬೇಕು?

ವಿದೇಶದ ಮುಖ್ಯ ಕಚೇರಿಗಳಿಂದ ಬೆಂಗಳೂರಿಗೆ ಆರು ತಿಂಗಳಿಗೋ ಒಂದು ವರ್ಷಕ್ಕೋ ಬರುವ ಉದ್ಯೋಗಿಗಳ ವೀಸಾ, ವಸತಿ ಮತ್ತು ಕೆಲಸದ ನಿಯೋಜನೆಯ ಬಗ್ಗೆ ಕಂಪನಿಗಳಿಗೆ ಸಲಹೆ ನೀಡುವುದು ನನ್ನ ವೃತ್ತಿ. ಇಂಥ ನಿಯೋಜನೆಗಳನ್ನು ಕಂಪನಿಗಳು ಇಮರ್ಶನ್ ಕಾರ್ಯಕ್ರಮವೆಂದು ಕರೆಯುತ್ತವೆ. ಬಂದವರು ಇಲ್ಲಿಯ ಮಾರುಕಟ್ಟೆಯನ್ನೂ ಕೆಲಸದ ರೀತಿಯನ್ನೂ ಜನರ ನಡುವೆ ಇದ್ದು ಕಲಿಯಬೇಕೆಂಬುದು ಇದರ ಉದ್ದೇಶ. ಆ ಉದ್ದೇಶ ಈಡೇರದೆ ಹೋದಾಗ ಬಿಸಿಲು, ಟ್ರಾಫಿಕ್, ಹೊಟ್ಟೆಯ ತೊಂದರೆಗಳ ಮೇಲೆ ಹೊಣೆ ಹೊರಿಸುವುದು ವಾಡಿಕೆಯಾಗಿದೆ. ನಾನು ಕಂಡಂತೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಬೇರೆಯೇ ಇರುತ್ತದೆ: ಬಂದವರಿಗೆ ಇಲ್ಲಿ ಗೊತ್ತಾದ ಕೆಲಸವಿರುವುದಿಲ್ಲ, ಆ ಕೆಲಸಕ್ಕೆ ಲೆಕ್ಕ ಕೇಳುವ ಇಲ್ಲಿಯ ಮೇಲಧಿಕಾರಿಯೂ ಇರುವುದಿಲ್ಲ. ಅವರು ಎಲ್ಲ ಸಭೆಗಳಲ್ಲೂ ಕುಳಿತಿರುತ್ತಾರೆ, ಆದರೆ ಯಾವ ಸಭೆಯೂ ಅವರನ್ನು ನಂಬಿ ನಡೆಯುವುದಿಲ್ಲ.

ಉದ್ಯೋಗಿಗಳನ್ನು ಹೀಗೆ ಬೇರೆ ದೇಶದಲ್ಲಿ ನೆಲೆಗೊಳಿಸಿ ಕಲಿಸುವುದು ಹೊಸ ಪದ್ಧತಿಯಲ್ಲ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ 1990ರಿಂದಲೇ ತನ್ನ ಆಯ್ದ ಉದ್ಯೋಗಿಗಳನ್ನು ವಿದೇಶಗಳಿಗೆ ಕಳುಹಿಸಿ, ಅಲ್ಲಿಯ ಭಾಷೆ ಮತ್ತು ಬದುಕನ್ನು ಕಲಿಯಲು ದೀರ್ಘ ಅವಧಿಯನ್ನೇ ಕೊಡುವ ಕಾರ್ಯಕ್ರಮವನ್ನು ನಡೆಸುತ್ತ ಬಂದಿದೆ. ಭಾರತದಲ್ಲಿ ಇದರ ಅಗತ್ಯ ಹೆಚ್ಚಾಗಿರುವುದಕ್ಕೆ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆದಿರುವ, ಎಲ್ಲರ ಬಾಯಲ್ಲಿ ಜಿಸಿಸಿಗಳೆನಿಸಿಕೊಂಡಿರುವ ಕಚೇರಿಗಳು, ಮುಖ್ಯ ಕಾರಣ. ದೇಶದಲ್ಲಿ ಇವುಗಳ ಸಂಖ್ಯೆ 1,700ನ್ನು ದಾಟಿದ್ದು, ಅತಿ ಹೆಚ್ಚು ಕೇಂದ್ರಗಳಿರುವ ನಗರ ಬೆಂಗಳೂರು. ತಮ್ಮ ಉತ್ಪನ್ನದ ದೊಡ್ಡ ಪಾಲನ್ನು ಇಲ್ಲಿ ರೂಪಿಸಿಕೊಳ್ಳುವ ಕಂಪನಿಗಳಿಗೆ, ಇಲ್ಲಿ ಬದುಕಿ ಗೊತ್ತಿರುವ ಕೆಲವರಾದರೂ ಮುಖ್ಯ ಕಚೇರಿಯಲ್ಲಿ ಇರಬೇಕೆಂಬುದು ತಡವಾಗಿಯಾದರೂ ಮನವರಿಕೆಯಾಗಿದೆ.

ಕಾರ್ಯಕ್ರಮದ ಹಣೆಬರಹ ಬಹುಮಟ್ಟಿಗೆ ವೀಸಾ ಅರ್ಜಿಯಲ್ಲೇ ನಿಶ್ಚಯವಾಗುತ್ತದೆ. ಬೇಗ ಸಿಗುತ್ತದೆಂಬ ಕಾರಣಕ್ಕೆ ಬಿಸಿನೆಸ್ ವೀಸಾ ಕೇಳುವ ಕಂಪನಿಗಳಿವೆ. ಆ ವೀಸಾದಲ್ಲಿ ಸಭೆ, ಮಾತುಕತೆ, ವ್ಯಾಪಾರದ ವಿಚಾರಣೆಗಳನ್ನು ನಡೆಸಬಹುದೇ ಹೊರತು ಇಲ್ಲಿಯ ತಂಡದ ಸದಸ್ಯರಾಗಿ ದಿನನಿತ್ಯದ ಕೆಲಸ ಮಾಡುವಂತಿಲ್ಲ. ಹಾಗೆ ಬಂದವರು ಕಾನೂನಿಗೆ ಬದ್ಧರಾಗಿ ನಡೆದರೆ ಪ್ರೇಕ್ಷಕರಾಗಿ ಉಳಿಯುತ್ತಾರೆ, ಮನಸ್ಸಿಟ್ಟು ಕೆಲಸಕ್ಕಿಳಿದರೆ ನಿಯಮ ಮುರಿದಂತಾಗುತ್ತದೆ. ಎರಡೂ ಸಲ್ಲದು. ನಿಜವಾಗಿ ಕೆಲಸ ಮಾಡಿಸುವ ಇಚ್ಛೆಯಿದ್ದರೆ ಎಂಪ್ಲಾಯ್‌ಮೆಂಟ್ ವೀಸಾವನ್ನೇ ಕೇಳಬೇಕು. ಅದಕ್ಕೆ ಕೆಲವು ವರ್ಗಗಳನ್ನು ಬಿಟ್ಟರೆ ಉಳಿದವರ ವಾರ್ಷಿಕ ಸಂಬಳ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕೆಂಬ ನಿಯಮವಿದೆ. ಆಗಷ್ಟೇ ಪದವಿ ಮುಗಿಸಿದ ತರುಣರಿಗೆ ಇಂಟರ್ನ್ ವೀಸಾ ಪ್ರತ್ಯೇಕವಾಗಿದೆ. ಯಾವ ವೀಸಾ ಎಂಬ ಪ್ರಶ್ನೆಯನ್ನು ಟ್ರಾವೆಲ್ ಏಜೆಂಟರಿಗೆ ಬಿಟ್ಟುಕೊಡದೆ, ಈ ವ್ಯಕ್ತಿ ಸೋಮವಾರ ಬೆಳಿಗ್ಗೆ ಬಂದು ಏನು ಮಾಡುತ್ತಾರೆ ಎಂಬುದನ್ನು ಇಲ್ಲಿಯ ವಿಭಾಗದ ಮುಖ್ಯಸ್ಥರಿಂದ ಅರ್ಧ ಪುಟದಷ್ಟು ಬರೆಸಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಆ ಅರ್ಧ ಪುಟ ಬರೆಯಲು ಮುಖ್ಯಸ್ಥರಿಗೆ ಸಾಧ್ಯವಾಗದಿದ್ದರೆ ಕಾರ್ಯಕ್ರಮವನ್ನು ಮುಂದೂಡಿ ಎಂದೇ ನಾನು ಹೇಳುತ್ತೇನೆ.

ಬಂದಿಳಿದ ಮೇಲಿನ ಎರಡು ವಾರ ಕಾಗದಪತ್ರಗಳದ್ದು. 180 ದಿನಕ್ಕಿಂತ ಹೆಚ್ಚಿನ ಅವಧಿಯ ಎಂಪ್ಲಾಯ್‌ಮೆಂಟ್ ವೀಸಾದಲ್ಲಿ ಬಂದವರು 14 ದಿನಗಳೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ನೋಂದಾಯಿಸಿಕೊಳ್ಳಬೇಕು. 2018ರಿಂದ ಈ ಕೆಲಸ ಬಹುತೇಕ ಆನ್‌ಲೈನ್‌ನಲ್ಲಿ ಆಗುತ್ತದೆ. ಕರೆ ಬಂದರೆ ಮಾತ್ರ ಬೆಂಗಳೂರಿನವರು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಕಚೇರಿಗೆ ಹೋಗಬೇಕಾಗುತ್ತದೆ. ತೊಡಕಿರುವುದು ಅರ್ಜಿಯಲ್ಲಲ್ಲ, ಅದಕ್ಕೆ ಬೇಕಾಗುವ ವಿಳಾಸದ ದಾಖಲೆಯಲ್ಲಿ. ಮನೆ ಗೊತ್ತಾಗದೆ ಬಾಡಿಗೆ ಕರಾರು ಇಲ್ಲ, ಕರಾರು ಇಲ್ಲದೆ ವಿಳಾಸವಿಲ್ಲ. ಇನ್ನೊಂದು ಕಡೆ, ಸ್ಥಳೀಯ ಮೊಬೈಲ್ ನಂಬರ್ ಇಲ್ಲದೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಬ್ಯಾಂಕ್ ಖಾತೆಯಿಂದ ಹಿಡಿದು ಅಡುಗೆ ಸಾಮಾನು ತರಿಸುವವರೆಗೆ ಯಾವುದೂ ನಡೆಯುವುದಿಲ್ಲ. ವಿದೇಶಿಯರಿಗೆ ಮನೆ ಕೊಟ್ಟ ಮಾಲೀಕರು 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕಾದ, ಸಿ ಫಾರಂ ಎಂದೇ ಎಲ್ಲರೂ ಕರೆಯುವ ಮಾಹಿತಿಯೊಂದಿದೆ. ಹೋಟೆಲಿನವರಿಗೆ ಇದು ರೂಢಿಯ ಕೆಲಸ. ಜಯನಗರದಲ್ಲಿ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ನಿವೃತ್ತ ದಂಪತಿಗೆ ಇದರ ಹೆಸರೂ ತಿಳಿದಿರುವುದಿಲ್ಲ. ಕಂಪನಿಯ ಎಚ್‌ಆರ್ ಸಿಬ್ಬಂದಿಯೊಬ್ಬರು ಅವರ ಮನೆಗೆ ಹೋಗಿ, ಜೊತೆಯಲ್ಲಿ ಕುಳಿತು ಇದನ್ನು ತುಂಬಿಸಿಕೊಡಬೇಕು. ಪೊಲೀಸು, ವಿಚಾರಣೆ ಎಂಬ ಭಯಕ್ಕೇ ವಿದೇಶಿಯರಿಗೆ ಮನೆ ಕೊಡದ ಒಳ್ಳೆಯ ಮಾಲೀಕರು ಅನೇಕರಿದ್ದಾರೆ. ಆ ಭಯ ಹೋದರೆ ಒಳ್ಳೆಯ ಮನೆಗಳೂ ಸಿಗುತ್ತವೆ.

ತೆರಿಗೆ ಮತ್ತು ಭವಿಷ್ಯನಿಧಿಯ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ, ಆದರೆ ಮೂರು ಮಾತು ಹೇಳಲೇಬೇಕು. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದವರು ಆದಾಯ ತೆರಿಗೆಯ ಮಟ್ಟಿಗೆ ನಿವಾಸಿಗಳಾಗುತ್ತಾರೆ. ಅಕ್ಟೋಬರ್ 1ರಂದು ಬಂದು ಮಾರ್ಚ್ 31ರವರೆಗೆ ಇದ್ದವರ ಲೆಕ್ಕ, ಅಧಿಕ ವರ್ಷವಲ್ಲದಿದ್ದರೆ, ಸರಿಯಾಗಿ 182 ದಿನ. ಆದ್ದರಿಂದ ಬರುವ ದಿನಾಂಕವನ್ನು ವಿಮಾನದ ಟಿಕೆಟ್ ದರ ನೋಡಿ ಗೊತ್ತುಮಾಡಬಾರದು. ಎರಡನೆಯದು, 2008ರ ಅಕ್ಟೋಬರ್‌ನಿಂದ ವಿದೇಶಿ ಉದ್ಯೋಗಿಗಳನ್ನು ಅಂತರರಾಷ್ಟ್ರೀಯ ಕಾರ್ಮಿಕರೆಂದು ಗುರುತಿಸಿ, ಪೂರ್ತಿ ಸಂಬಳದ ಮೇಲೆ ಭವಿಷ್ಯನಿಧಿ ಕಟ್ಟಬೇಕೆಂಬ ನಿಯಮ ಬಂದಿತು. ಜರ್ಮನಿ, ಫ್ರಾನ್ಸ್, ಜಪಾನ್, ದಕ್ಷಿಣ ಕೊರಿಯಾ ಮುಂತಾದ ದೇಶಗಳೊಂದಿಗೆ ಸಾಮಾಜಿಕ ಭದ್ರತಾ ಒಪ್ಪಂದವಿರುವುದರಿಂದ ತಮ್ಮ ದೇಶದ ವ್ಯವಸ್ಥೆಯಲ್ಲೇ ಹಣ ಕಟ್ಟುತ್ತಿರುವುದಾಗಿ ಅಲ್ಲಿಂದ ಪ್ರಮಾಣಪತ್ರ ತಂದವರಿಗೆ ವಿನಾಯಿತಿ ಇದೆ; ಅಮೆರಿಕದೊಂದಿಗೆ ಅಂಥ ಒಪ್ಪಂದವಿಲ್ಲ. ಈ ವಿಶೇಷ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅಸಾಂವಿಧಾನಿಕವೆಂದು ತಳ್ಳಿಹಾಕಿದೆಯಾದರೂ, ಮುಂದಿನ ಬೆಳವಣಿಗೆಗಳನ್ನು ವಕೀಲರಿಂದ ತಿಳಿದುಕೊಳ್ಳದೆ ಕಟ್ಟುವುದನ್ನು ನಿಲ್ಲಿಸಬೇಡಿ. ಮೂರನೆಯದು, ನಿಯೋಜಿತ ಉದ್ಯೋಗಿಯ ನಿಜವಾದ ಮಾಲೀಕರು ಯಾರು ಎಂಬ ಪ್ರಶ್ನೆ. ಬೆಂಗಳೂರಿನದೇ ಒಂದು ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ವಿದೇಶಿ ಸಮೂಹ ಕಂಪನಿ ತನ್ನ ಉದ್ಯೋಗಿಗಳನ್ನು ಹೀಗೆ ಕಳುಹಿಸುವುದು ಮಾನವಸಂಪನ್ಮೂಲ ಪೂರೈಕೆಯ ಸೇವೆಯಾಗುತ್ತದೆ, ಅದಕ್ಕೆ ಜಿಎಸ್‌ಟಿಗೆ ಮೊದಲಿದ್ದ ಸೇವಾ ತೆರಿಗೆ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಯಾರು ಸಂಬಳ ಕೊಡುತ್ತಾರೆ, ಯಾರು ಕೆಲಸ ಹೇಳುತ್ತಾರೆ, ಯಾರು ವಾಪಸ್ ಕರೆಸಿಕೊಳ್ಳಬಲ್ಲರು ಎಂಬುದನ್ನು ಒಪ್ಪಂದದಲ್ಲಿ ಬರೆಯುವಾಗ ತೆರಿಗೆಯವರೂ ಎಚ್‌ಆರ್‌ನವರೂ ಒಂದೇ ಮೇಜಿನಲ್ಲಿ ಕೂರಬೇಕು.

ಮುಖ್ಯ ಕಚೇರಿಯಿಂದ ಬಂದವರನ್ನು ಇಲ್ಲಿಯ ತಂಡಗಳು ಮೊದಲ ದಿನದಿಂದಲೇ ಅತಿಥಿಯಾಗಿ ನೋಡುತ್ತವೆ. ಹೂಗುಚ್ಛ, ಕಿಟಕಿಯ ಪಕ್ಕದ ಆಸನ, ಕಾರು, ವಾರಾಂತ್ಯಕ್ಕೆ ಹಂಪಿ ಅಥವಾ ಕೊಡಗಿನ ಪ್ರವಾಸ ಎಲ್ಲವೂ ಪ್ರೀತಿಯಿಂದಲೇ ಆಗುತ್ತವೆ. ಆ ಪ್ರೀತಿಯ ಹಿಂದೆ ಒಂದು ಅಳುಕೂ ಇರುತ್ತದೆ. ಇವರು ನಮ್ಮ ಬಗ್ಗೆ ಅಲ್ಲಿಗೆ ಏನು ಬರೆಯುತ್ತಾರೋ ಎಂಬ ಅನುಮಾನವನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಅವರೆದುರು ತಂಡದ ಮಾತು ತೂಕದ ಮಾತಾಗುತ್ತದೆ. ಇದಕ್ಕೆ ನಾನು ಕಂಡಿರುವ ಪರಿಣಾಮಕಾರಿ ಮದ್ದು ಒಂದೇ: ಆ ಅವಧಿಯ ಕೆಲಸದ ಮೌಲ್ಯಮಾಪನವನ್ನು ಇಲ್ಲಿಯ ಮ್ಯಾನೇಜರ್ ಮಾಡಬೇಕು, ಅವರ ರಜೆಯನ್ನು ಇಲ್ಲಿಯ ಮ್ಯಾನೇಜರ್ ಮಂಜೂರು ಮಾಡಬೇಕು, ಮತ್ತು ಈ ಎರಡೂ ವಿಷಯ ಅವರು ಬರುವ ಮೊದಲೇ ತಂಡಕ್ಕೆ ತಿಳಿದಿರಬೇಕು. ಮಂಡ್ಯದ ಮೂವತ್ತೈದರ ಟೀಮ್ ಲೀಡ್ ಒಬ್ಬರ ಸಹಿಯಿಲ್ಲದೆ ಮ್ಯೂನಿಕ್‌ನಿಂದ ಬಂದವರು ಕ್ರಿಸ್‌ಮಸ್‌ಗೆ ಊರಿಗೆ ಹೋಗುವಂತಿಲ್ಲ ಎಂದಾದ ಮೇಲೆ, ಇಬ್ಬರ ನಡುವಿನ ಮಾತಿನ ಧಾಟಿಯೇ ಬದಲಾಗುತ್ತದೆ.

ಇಲ್ಲಿಯ ಕೆಲಸದ ರೀತಿಯನ್ನು ಸಂಸ್ಕೃತಿ ಎಂಬ ಒಂದೇ ಮಾತಿನಲ್ಲಿ ವಿವರಿಸಿಬಿಡುವ ತರಬೇತಿಗಳ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಭಾರತೀಯರು ಇಲ್ಲವೆನ್ನುವುದಿಲ್ಲ, ಹಿರಿಯರೆದುರು ಮಾತಾಡುವುದಿಲ್ಲ ಎಂದು ಎರಡು ದಿನದ ತರಗತಿಯಲ್ಲಿ ಕಲಿತು ಬಂದ ಜರ್ಮನಿಯ ಯುವ ಎಂಜಿನಿಯರ್ ಒಬ್ಬರಿಗೆ, ಪೀಣ್ಯದ ಒಂದು ಸಣ್ಣ ಘಟಕದಿಂದ ಯಂತ್ರಭಾಗಗಳನ್ನು ಸಮಯಕ್ಕೆ ತರಿಸುವ ಹೊಣೆ ಬಂದಿತು. ವಾರದ ವಿಡಿಯೊ ಸಭೆಯಲ್ಲಿ ಘಟಕದ ಮಾಲೀಕರು ಪ್ರತಿ ಸಲವೂ ಗುರುವಾರ ಆಗುತ್ತದೆ ಎನ್ನುತ್ತಿದ್ದರು, ಗುರುವಾರ ಆಗುತ್ತಿರಲಿಲ್ಲ. ತರಗತಿಯಲ್ಲಿ ಹೇಳಿದ್ದು ಇದನ್ನೇ ಎಂದು ಎಂಜಿನಿಯರ್ ತೀರ್ಮಾನಿಸಿದ್ದರು. ಅವರ ಮ್ಯಾನೇಜರ್ ಅವರನ್ನು ಖರೀದಿ ವಿಭಾಗದ ಸಹೋದ್ಯೋಗಿಯೊಬ್ಬರ ಜೊತೆ ಪೀಣ್ಯಕ್ಕೇ ಕಳುಹಿಸಿದರು. ಶೆಡ್ಡಿನಲ್ಲಿ ಭಾಗಗಳು ಕಡೆದು ಸಿದ್ಧವಾಗಿ, ಎಣ್ಣೆ ಸವರಿದ ಟ್ರೇಗಳಲ್ಲಿ ಸಾಲಾಗಿ ಕುಳಿತಿದ್ದವು. ಅವು ಹೋಗಬೇಕಾಗಿದ್ದುದು ಎರಡು ಬೀದಿ ಆಚೆಯ, ಉಕ್ಕನ್ನು ಕಾಯಿಸಿ ಗಟ್ಟಿಮಾಡುವ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ. ಅಲ್ಲಿಯ ಸೂಪರ್‌ವೈಸರ್ ಹೇಳಿದ್ದು ಇಷ್ಟೇ: ‘ಲೋಡ್ ತುಂಬದೆ ಫರ್ನೇಸ್ ಹಚ್ಚಲ್ಲ ಸರ್, ಕರೆಂಟ್ ಬಿಲ್ ಯಾರು ಕಟ್ತಾರೆ?’ ಇವರ ಭಾಗಗಳು ಫರ್ನೇಸಿನ ಕಾಲು ಭಾಗವನ್ನೂ ತುಂಬುತ್ತಿರಲಿಲ್ಲ. ಅದೇ ಬಗೆಯ ಉಕ್ಕಿನ ಬೇರೆಯವರ ಕೆಲಸ ಬರುವವರೆಗೆ ಕಾಯುವುದೇ ದಾರಿಯಾಗಿತ್ತು.

ಹಾಗಾದರೆ ಮಾಲೀಕರು ಸಭೆಯಲ್ಲಿ ಅದನ್ನೇ ಏಕೆ ಹೇಳಲಿಲ್ಲ? ಆ ಸಭೆಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥರೂ ಕುಳಿತಿರುತ್ತಿದ್ದರು. ಹೊರಗಿನ ಫರ್ನೇಸನ್ನು ನಂಬಿಕೊಂಡಿರುವುದಾಗಿ ಅವರೆದುರು ಒಪ್ಪಿಕೊಂಡರೆ ಮುಂದಿನ ಆರ್ಡರ್ ಸ್ವಂತ ಫರ್ನೇಸ್ ಇರುವ ದೊಡ್ಡ ಘಟಕಕ್ಕೆ ಹೋಗುತ್ತದೆಂಬುದು ಮಾಲೀಕರ ಲೆಕ್ಕಾಚಾರವಾಗಿತ್ತು. ಅದು ಸ್ವಭಾವದ ದೌರ್ಬಲ್ಯವಲ್ಲ, ವ್ಯಾಪಾರದ ವಿವೇಕ. ಎಂಜಿನಿಯರ್ ವಾಪಸ್ ಬಂದು ಎರಡು ವಾರಗಳ ಆರ್ಡರ್‌ಗಳನ್ನು ಒಟ್ಟುಗೂಡಿಸಿ ಕೊಡುವ ಏರ್ಪಾಡು ಮಾಡಿದರು, ಫರ್ನೇಸಿನ ಲೋಡ್ ಬೇಗ ತುಂಬತೊಡಗಿತು. ಈ ತಿಳಿವಳಿಕೆ ಯಾವ ತರಗತಿಯಲ್ಲೂ ಸಿಗುವಂಥದ್ದಲ್ಲ. ಅವರಿಗೆ ಅದು ದಕ್ಕಿದ್ದು, ಆ ಭಾಗಗಳು ಬಾರದಿದ್ದರೆ ಕೇಳುವವರು ಇಲ್ಲಿದ್ದರು ಎಂಬ ಕಾರಣದಿಂದ. ಮುಂದೆ ಆಯುಧಪೂಜೆಯ ವಾರಕ್ಕೆ ಡೆಲಿವರಿ ಕೇಳಿ ಮುಖ್ಯ ಕಚೇರಿಯಿಂದ ಮೇಲ್ ಬಂದಾಗ, ಆ ದಿನಗಳಲ್ಲಿ ಪೀಣ್ಯದ ಯಂತ್ರಗಳೆಲ್ಲ ತೊಳೆದು, ಕುಂಕುಮವಿಟ್ಟು, ಹೂ ಮುಡಿದು ನಿಂತಿರುತ್ತವೆಂದು ಉತ್ತರ ಬರೆದವರೂ ಅವರೇ.

ವಸತಿಯ ವಿಷಯದಲ್ಲೂ ಕಂಪನಿಗಳು ಅತಿಯಾದ ಜಾಗರೂಕತೆ ತೋರುತ್ತವೆ. ವೈಟ್‌ಫೀಲ್ಡ್‌ನ ಸರ್ವಿಸ್ ಅಪಾರ್ಟ್‌ಮೆಂಟ್‌ನಿಂದ ಕಂಪನಿಯ ಕಾರಿನಲ್ಲಿ ಹೊರಟು ಟೆಕ್ ಪಾರ್ಕ್ ಸೇರಿ, ಸಂಜೆ ಅದೇ ಕಾರಿನಲ್ಲಿ ಮರಳುವವರಿಗೆ ಊರಿನ ಪರಿಚಯ ಗಾಜಿನ ಆಚೆಯದಾಗಿಯೇ ಉಳಿಯುತ್ತದೆ. ಮೊದಲ ತಿಂಗಳು ಅಲ್ಲಿರಲಿ, ಅನಂತರ ಸಹೋದ್ಯೋಗಿಗಳು ವಾಸಿಸುವಂಥ ಬಡಾವಣೆಗೆ ಬರಲಿ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗ 2023ರಲ್ಲಿ ಪೂರ್ಣಗೊಂಡಿದೆ, ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಗಿದೆ. ಆದ್ದರಿಂದ ಬಸವನಗುಡಿಯಲ್ಲೋ ವಿಜಯನಗರದಲ್ಲೋ ಇದ್ದುಕೊಂಡು ಕೆಲಸಕ್ಕೆ ಹೋಗುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಒಂಟಿಯಾಗಿ ಬರುವ ಮಹಿಳೆಯರ ವಿಷಯದಲ್ಲಿ ಮಾತ್ರ ರಾತ್ರಿಯ ಪ್ರಯಾಣಕ್ಕೆ ಕಂಪನಿಯ ವಾಹನ ಇರಲೇಬೇಕು. ಅದನ್ನು ಇಲ್ಲಿಯ ಮಹಿಳಾ ಸಹೋದ್ಯೋಗಿಗಳಿಗೆ ಕೊಡುವ ಸೌಕರ್ಯದ ಭಾಗವಾಗಿಯೇ ಕೊಡಬೇಕು.

ಭಾಷೆ ಕಲಿಸುವ ಕಂಪನಿಗಳು ಬೆಂಗಳೂರಿಗೆ ಬಂದವರಿಗೂ ಹಿಂದಿಯ ತರಗತಿಯನ್ನೇ ಏರ್ಪಡಿಸುವುದುಂಟು. ಮನೆ ಮಾಲೀಕರು, ಬಿಎಂಟಿಸಿ ನಿರ್ವಾಹಕರು, ಪೀಣ್ಯದ ಸೂಪರ್‌ವೈಸರ್, ಬೆಸ್ಕಾಂ ಕಚೇರಿಯ ಸಿಬ್ಬಂದಿ ಇವರೊಂದಿಗಿನ ವ್ಯವಹಾರ ಕನ್ನಡದ್ದು. ವಾರಕ್ಕೆರಡು ಸಂಜೆಯ ಕನ್ನಡ ಪಾಠಕ್ಕೆ ತಗಲುವ ಖರ್ಚು ಈ ಕಾರ್ಯಕ್ರಮದ ಒಟ್ಟು ವೆಚ್ಚದಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬಂದವರು ಇಲ್ಲಿ ಕಲಿಯುವ ಅತಿ ಮುಖ್ಯ ಸಂಗತಿ ಬಹುಶಃ ಸಮಯದ್ದು. ಜರ್ಮನಿಯಲ್ಲಿ ಮಧ್ಯಾಹ್ನ ಮೂರೂವರೆಗೆ ಇಟ್ಟ ಸಭೆ ಇಲ್ಲಿ ಚಳಿಗಾಲದಲ್ಲಿ ರಾತ್ರಿ ಎಂಟಕ್ಕೆ, ಅವರ ಬೇಸಿಗೆಯಲ್ಲಿ ಏಳಕ್ಕೆ ನಡೆಯುತ್ತದೆ. ಅಲ್ಲಿ ಕುಳಿತು ಕ್ಯಾಲೆಂಡರ್‌ನಲ್ಲಿ ಚೌಕ ಗುರುತಿಸುವವರಿಗೆ ಅದು ಊಟ ಮುಗಿಸಿ ಬಂದ ಮೇಲಿನ ಒಂದು ಸಭೆ. ಇಲ್ಲಿಯವರಿಗೆ ಅದು ಮಗುವಿನ ಹೋಂವರ್ಕ್ ತಪ್ಪಿಸುವ, ಔಟರ್ ರಿಂಗ್ ರಸ್ತೆಯಲ್ಲಿ ಫೋನಿನಲ್ಲೇ ಮುಗಿಸಬೇಕಾಗುವ ಸಭೆ. ಆರು ತಿಂಗಳು ಈ ಕಡೆಯಿಂದ ಆ ಸಭೆಗಳಲ್ಲಿ ಕುಳಿತವರು ಹಿಂದಿರುಗಿದ ಮೇಲೆ ಅದನ್ನು ಎರಡು ಗಂಟೆ ಹಿಂದಕ್ಕೆ ಸರಿಸುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು ಕಾರ್ಯಕ್ರಮ ಫಲಿಸಿದೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ತಿಳಿದಿಲ್ಲ.

ಕುಟುಂಬದೊಂದಿಗೆ ಬಂದವರ ಸಂಗಾತಿಗೆ ಅವಲಂಬಿತ ವೀಸಾದಲ್ಲಿ ಉದ್ಯೋಗ ಮಾಡುವ ಅವಕಾಶವಿಲ್ಲ. ತನ್ನ ಊರಿನಲ್ಲಿ ವೃತ್ತಿಯಲ್ಲಿದ್ದವರು ಇಲ್ಲಿ ಇಡೀ ದಿನ ಮನೆಯಲ್ಲಿ ಒಬ್ಬರೇ ಉಳಿಯಬೇಕಾಗುತ್ತದೆ, ಅವಧಿಗೆ ಮೊದಲೇ ಹಿಂದಿರುಗುವ ಹಲವರ ಕಾರಣ ಇದೇ. ಇದನ್ನು ಆಯ್ಕೆಯ ಹಂತದಲ್ಲೇ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಬೇಕು.

ಕೊನೆಯ ತಿಂಗಳಿನಲ್ಲಿ ಆಗಬೇಕಾದ ಕೆಲಸಗಳಲ್ಲಿ ಬಾಡಿಗೆ ಮುಂಗಡದ ವಾಪಸಾತಿ, ಬ್ಯಾಂಕ್ ಖಾತೆಯ ವಿಲೇವಾರಿ, ತೆರಿಗೆ ರಿಟರ್ನ್ ಸಲ್ಲಿಸುವವರೆಗೆ ಮೊಬೈಲ್ ನಂಬರನ್ನು ಚಾಲ್ತಿಯಲ್ಲಿಡುವುದು ಎಲ್ಲರಿಗೂ ಗೊತ್ತಿರುವಂಥವು. ಗೊತ್ತಿದ್ದೂ ಬಿಟ್ಟುಹೋಗುವುದು ಅಂತಿಮ ವರದಿಯ ಮಂಡನೆ. ಬಹಳಷ್ಟು ಕಂಪನಿಗಳಲ್ಲಿ ಅದು ಮುಖ್ಯ ಕಚೇರಿಗೆ ಮರಳಿದ ಮೇಲೆ, ಅಲ್ಲಿಯವರ ಎದುರಿಗೆ ಮಾತ್ರ ನಡೆಯುತ್ತದೆ. ಅದನ್ನು ಮೊದಲು ಇಲ್ಲಿ, ಅವರು ಕೆಲಸ ಮಾಡಿದ ತಂಡದ ಮುಂದೆಯೇ ಮಂಡಿಸಬೇಕು, ತಂಡದವರು ತಪ್ಪಿದ್ದಲ್ಲಿ ತಿದ್ದಬೇಕು, ತಿದ್ದಿದ ಪ್ರತಿ ಇಲ್ಲಿಯ ಮ್ಯಾನೇಜರ್ ಸಹಿಯೊಂದಿಗೆ ಹೋಗಬೇಕು.