ರಾತ್ರಿ ಶಾಲೆಯಿಂದ ರವಿವಾರದ ತರಗತಿಗೆ: ಮುಂಬಯಿಯಲ್ಲಿ ದೊಡ್ಡವರ ಕಲಿಕೆ

ದೊಡ್ಡವರಿಗೆ ಏನು ಕಲಿಸಬೇಕು ಎಂಬ ಚರ್ಚೆ ಬಹಳ ನಡೆದಿದೆ. ಯಾವ ಹೊತ್ತಿನಲ್ಲಿ ಕಲಿಸಬೇಕು ಎಂಬುದರ ಬಗ್ಗೆ ಅಷ್ಟು ನಡೆದಿಲ್ಲ. ಆದರೆ ಮುಂಬಯಿ–ಪುಣೆ ಭಾಗದ ವಯಸ್ಕ ಶಿಕ್ಷಣದ ಚರಿತ್ರೆಯನ್ನು ನೋಡಿದರೆ, ಯಾರು ಕಲಿತರು, ಯಾರು ಹೊರಗುಳಿದರು ಎಂಬುದನ್ನು ನಿರ್ಧರಿಸಿದ್ದು ಹೆಚ್ಚಾಗಿ ಗಡಿಯಾರವೇ.

ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲಿ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದರು. ಹಗಲಿಡೀ ಕೂಲಿಯಲ್ಲಿರುವವನು ದೀಪ ಹಚ್ಚಿದ ಮೇಲಲ್ಲದೆ ಪಾಟಿ ಹಿಡಿಯಲಾರ. ರಮಾಬಾಯಿ ರಾನಡೆ 1909ರಲ್ಲಿ ಅದೇ ಊರಿನಲ್ಲಿ ಸೇವಾಸದನ ಆರಂಭಿಸಿದರು. ರಾತ್ರಿ ಮನೆಯಿಂದ ಹೊರಬೀಳಲಾಗದ ಹೆಂಗಸರಿಗೆ ಅಲ್ಲಿ ಹಗಲಿನಲ್ಲೇ ಓದು ಬರಹ, ಹೊಲಿಗೆ. ಎರಡು ವರ್ಷದ ನಂತರ, 1911ರಲ್ಲಿ, ಎನ್. ಎಂ. ಜೋಶಿ ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಸ್ಥಾಪಿಸಿದರು. ಗಿರಣಿ ಕಾರ್ಮಿಕರ ನಡುವೆ ಅದರ ರಾತ್ರಿ ಶಾಲೆಗಳೂ ವಾಚನಾಲಯಗಳೂ ನಡೆದವು.

ಕನ್ನಡಿಗರ ಪಾಲು ಇಲ್ಲಿ ದೊಡ್ಡದು. ಉಡುಪಿ, ಮಂಗಳೂರು, ಕುಂದಾಪುರ ಕಡೆಯಿಂದ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆಯುತ್ತ, ಅಲ್ಲೇ ಉಂಡು, ಬೆಂಚಿನ ಮೇಲೆ ಮಲಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಮೆಟ್ರಿಕ್ಯುಲೇಶನ್, ಇಂಗ್ಲಿಷು, ಆಮೇಲೆ ಟೈಪಿಂಗ್: ಲೋಟ ತೊಳೆಯುವ ಮೋರಿಯಿಂದ ಹಣ ಎಣಿಸುವ ಗಲ್ಲೆಗೆ, ಗಲ್ಲೆಯಿಂದ ಕಚೇರಿಗೆ ಹೋಗುವ ದಾರಿ. ಕರಾವಳಿಯ ಸಮುದಾಯ ಸಂಘಗಳು ಕಳೆದ ಶತಮಾನದ ಆರಂಭದ ದಶಕಗಳಿಂದಲೇ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಸುತ್ತಮುತ್ತ ರಾತ್ರಿ ಶಾಲೆ ನಡೆಸಿದವು. ಮಾಲೀಕ ಸಂಜೆ ಬಿಟ್ಟುಕೊಟ್ಟರೆ ಓದು, ಇಲ್ಲದಿದ್ದರೆ ಇಲ್ಲ. ಹುಡುಗನ ಭವಿಷ್ಯ ಆ ಎರಡು ಮೂರು ಗಂಟೆಯ ಬಿಡುವಿನ ಮೇಲೆ ನಿಂತಿತ್ತು ಎನ್ನುವುದನ್ನು ನಾವು ಮರೆಯಬಾರದು.

ಈ ಶಾಲೆಗಳಿಗೆ ಹೆಂಗಸರು ಬರಲಿಲ್ಲ. ಬರುವ ಹೊತ್ತು ಅದಾಗಿರಲಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘದಂಥ ಸಂಸ್ಥೆಗಳು ಸಂಗೀತ, ನಾಟಕ, ಉಪನ್ಯಾಸಗಳ ವೇದಿಕೆ ಕಟ್ಟಿದವು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಶುರುವಾಯಿತು, ಕನ್ನಡ ಬಾರದವರಿಗೆ ಸರ್ಟಿಫಿಕೇಟ್ ತರಗತಿಗಳನ್ನೂ ನಡೆಸಿತು. ಅದೇ ವರ್ಷ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 15ರಿಂದ 35ರ ವಯಸ್ಸಿನವರಿಗಾಗಿ ರಾಷ್ಟ್ರೀಯ ವಯಸ್ಕ ಶಿಕ್ಷಣ ಕಾರ್ಯಕ್ರಮ ಆರಂಭಿಸಿತು. 1988ರಲ್ಲಿ ಸಾಕ್ಷರತಾ ಮಿಷನ್ ಬಂತು. ಎರಡರ ಕಣ್ಣೂ ಮುಖ್ಯವಾಗಿ ಅನಕ್ಷರತೆಯ ಮೇಲೆ.

ಇಂದು ಸಂಘಗಳ ಕನ್ನಡ ತರಗತಿಗೆ ಬರುವವರು ಬೇರೆಯೇ ಜನ. ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತ ಬೆಳೆದು, ನಲವತ್ತು ದಾಟಿದ ಮೇಲೆ ಅಕ್ಷರ ಕಲಿಯಬೇಕೆಂದು ಬರುವವರು. ಅವರಿಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಮೂರನೇ ವಾರಕ್ಕೆ ಕುರ್ಚಿ ಖಾಲಿ. ದೇವನಾಗರಿ ಬಲ್ಲವರಿಗೆ ವರ್ಣಮಾಲೆಯ ಕ್ರಮ ಗೊತ್ತೇ ಇರುತ್ತದೆ, ಅದನ್ನು ಹೊಸದಾಗಿ ಕಲಿಸುವುದು ಹೊತ್ತು ಹಾಳು. ಎಡವುವುದು ಬೇರೆ ಕಡೆ. ಮರಾಠಿಯಲ್ಲಿ ಹ್ರಸ್ವ ಎ, ಒ ಅಕ್ಷರಗಳಿಲ್ಲ. ಹಾಗಾಗಿ ‘ಬೆಳೆ’ಯೂ ‘ಬೇಳೆ’ಯೂ ಒಂದೇ ಆಗುತ್ತವೆ. ಪದದ ಕೊನೆಯ ಅಕಾರವನ್ನು ನುಂಗುವ ಅಭ್ಯಾಸದಿಂದ ‘ಮರ’ ಎಂಬುದು ‘ಮರ್’ ಆಗುತ್ತದೆ. ಅರ್ಕಾವತ್ತು ದೇವನಾಗರಿಯಲ್ಲಿ ಅಕ್ಷರದ ತಲೆಯ ಮೇಲೆ, ಕನ್ನಡದಲ್ಲಿ ಅಕ್ಷರದ ನಂತರ. ಆದ್ದರಿಂದ ‘ಸೂರ್ಯ’ ‘ಸೂಯ್ರ’ ಆಗಿಬಿಡುತ್ತಾನೆ. ಮೊದಲ ಪಾಠದಿಂದಲೇ ಇಂಥ ಜೋಡಿಗಳನ್ನು ಜೋರಾಗಿ ಓದಿಸಬೇಕು. ಪ–ಷ–ಫ, ಮ–ವ, ತ–ಶ ಇವನ್ನು ಒಂದೇ ದಿನ ಪಕ್ಕಪಕ್ಕ ಬರೆಸಿದರೆ ಗೊಂದಲ ಬೇಗ ಕರಗುತ್ತದೆ.

ಅಡುಗೆ ತರಗತಿಗೂ ಇದೇ ಮಾತು. ಕೆಸುವಿನೆಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ ಮರಾಠಿಗರ ಅಳುವಡಿಗೆಂದು ಮಾರುವ ಕೆಸುವಿನೆಲೆಯೇ ಸಾಕು, ಆದರೆ ಅಳುವಡಿಗೆ ಕಡಲೆಹಿಟ್ಟು, ನಮ್ಮದಕ್ಕೆ ಅಕ್ಕಿ. ಎರಡು ಲೋಟ ಬೆಳ್ತಿಗೆ (ಕುಸುಬಲಲ್ಲದ ಬಿಳಿ) ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಎಂಟು ಹತ್ತು ಒಣಮೆಣಸು, ಕೊತ್ತಂಬರಿ, ಜೀರಿಗೆ, ತೆಂಗಿನತುರಿ, ದೊಡ್ಡ ನಿಂಬೆ ಗಾತ್ರದ ಹುಳಿ, ಬೆಲ್ಲ, ಉಪ್ಪು ಸೇರಿಸಿ ತುಸು ತರಿಯಾಗಿ, ಗಟ್ಟಿಯಾಗಿ ರುಬ್ಬಬೇಕು. ಎಲೆಯ ಹಿಂಬದಿಯ ದಪ್ಪ ನಾರನ್ನು ಹೆರೆದು, ಹಿಂಬದಿಗೇ ಹಿಟ್ಟು ಸವರಿ, ಮುಂದಿನ ಎಲೆಯನ್ನು ತುದಿ ತಿರುಗಿಸಿ ಇಡಬೇಕು. ಐದು ಎಲೆಯಾದ ಮೇಲೆ ಅಂಚು ಮಡಚಿ ಬಿಗಿಯಾಗಿ ಸುತ್ತಿ 40ರಿಂದ 45 ನಿಮಿಷ ಹಬೆ. ಹಿಟ್ಟು ನೀರಾದರೆ ಸುರುಳಿಯಿಂದ ಇಳಿದುಹೋಗುತ್ತದೆ. ಬಿಸಿಯಲ್ಲೇ ಕೊಯ್ದರೆ ಒಡೆಯುತ್ತದೆ. ಹುಳಿ ಕಡಿಮೆಯಾದರೆ ಅಥವಾ ಬೇಯುವುದು ಸಾಲದೆ ಹೋದರೆ ಗಂಟಲು ತುರಿಸುತ್ತದೆ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಅದಕ್ಕೆ ಕಾರಣ.

ಲೆಕ್ಕ ಹಾಕಿ ನೋಡಿ: ಇಷ್ಟನ್ನು ಎರಡು ಗಂಟೆಯ ತರಗತಿಯಲ್ಲಿ ಮಾಡಿ ಮುಗಿಸಬೇಕಾದರೆ ಅಕ್ಕಿ ಮೊದಲೇ ನೆನೆದಿರಬೇಕು, ಬೆಂದು ತಣಿದ ಒಂದು ಸುರುಳಿ ಕೊಯ್ಯಲು ಸಿದ್ಧವಿರಬೇಕು. ಇದನ್ನು ಯೋಚಿಸದ ತರಗತಿ ಕೊನೆಗೆ ಬರಿಯ ಭಾಷಣವಾಗುತ್ತದೆ.

ಹೊತ್ತಿನ ಪ್ರಶ್ನೆ ಈಗಲೂ ಬಗೆಹರಿದಿಲ್ಲ. ಹೆಚ್ಚಿನ ಸಂಘಗಳು ರವಿವಾರ ಹನ್ನೊಂದಕ್ಕೆ ತರಗತಿ ಇಡುತ್ತವೆ, ಲೋಕಲ್ ರೈಲಿನ ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಮೆಗಾ ಬ್ಲಾಕ್ (ದುರಸ್ತಿಗಾಗಿ ಸಂಚಾರ ತಡೆ) ಬೀಳುವುದೂ ಸಾಮಾನ್ಯವಾಗಿ ಆಗಲೇ. ಡೊಂಬಿವಲಿ, ವಾಶಿಯಿಂದ ಹೊರಟವರು ಎರಡು ಸಲ ತಪ್ಪಿಸಿಕೊಂಡರೆ ಮೂರನೇ ಸಲ ನಾಚಿಕೆಯಿಂದಲೇ ಬರುವುದಿಲ್ಲ. ಆದ್ದರಿಂದ ಪ್ರತಿ ಪಾಠವೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು, ಮೊದಲ ಹದಿನೈದು ನಿಮಿಷ ಹಿಂದಿನ ವಾರದ್ದಕ್ಕೆ ಮೀಸಲಿರಬೇಕು. ಅದಕ್ಕಿಂತ ಒಳ್ಳೆಯದು, ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಉಪನಗರದ ಸಂಘದ ಕಚೇರಿಗಳನ್ನೇ ತೆರೆಯುವುದು. ಮಕ್ಕಳು ಶಾಲೆಯಲ್ಲಿರುವ, ಗೃಹಿಣಿಯರಿಗೂ ನಿವೃತ್ತರಿಗೂ ಕೈ ಬಿಡುವಾಗುವ, ಹೋಟೆಲಿನವರಿಗೆ ಊಟದ ಗದ್ದಲ ಇಳಿಯುವ ಹೊತ್ತು ಅದು. 2022ರಲ್ಲಿ ಆರಂಭವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮವು ಅಕ್ಷರದ ಜೊತೆಗೆ ಕಲೆ ಮತ್ತು ಸಂಸ್ಕೃತಿಯ ಕಲಿಕೆಯೂ ಸೇರಿದ ಮುಂದುವರಿದ ಶಿಕ್ಷಣವನ್ನೂ ತನ್ನ ಐದು ಅಂಗಗಳಲ್ಲಿ ಒಂದಾಗಿ ಒಪ್ಪಿಕೊಂಡಿದೆ. ಸಂಘಗಳು ಕೇಳಬೇಕಾದ ಬೆಂಬಲಕ್ಕೆ ಅಲ್ಲಿ ಆಧಾರವಿದೆ.