ಗಟ್ಟಿ, ಗಡಸು, ಬಲ: ಸೆರಾಮಿಕ್ ಫೋಮಿಗೆ ಯಾವುದರ ಕೊರತೆ?

'ಸೆರಾಮಿಕ್ ಫೋಮಿನ ಗಡಸುತನ ಹೆಚ್ಚಿಸುವ ವಿಧಾನ' ಎಂಬ ತಲೆಬರಹ ಮತ್ತೆ ಕಣ್ಣಿಗೆ ಬಿತ್ತು. ಒಳಗಿರುವ ವಿಷಯವೆಲ್ಲ ಬಲದ್ದು. ಸೆರಾಮಿಕ್ ಫೋಮ್ ಎಂದರೆ ಸ್ಪಂಜಿನಂತೆ ಮೈಯೆಲ್ಲ ತೂತಾದ ಸೆರಾಮಿಕ್. ಅದನ್ನು ಮಾಡಲು ಬಳಸುವ ಅಲ್ಯುಮಿನಾಕ್ಕೆ (ಅಲ್ಯುಮಿನಿಯಂ ಆಕ್ಸೈಡ್) ಗಡಸುತನದ ಕೊರತೆಯೇ ಇಲ್ಲ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 9, ವಜ್ರ 10. ಅದರಿಂದಲೇ ಮಾಡಿದ ಫೋಮಿನ ತುಂಡನ್ನು ಬೆರಳಲ್ಲಿ ಒತ್ತಿದರೆ ಅಂಚು ಪುಡಿಯಾಗಿ ಉದುರುತ್ತದೆ. ಉದುರಿದ ಆ ಪುಡಿ ಗಾಜಿನ ಮೇಲೆ ಗೀರು ಎಳೆಯುತ್ತದೆ. ಗಡಸು ಇದೆ, ಬಲ ಇಲ್ಲ.

ಗೊಂದಲದ ಬೇರು 'ಗಟ್ಟಿ' ಎಂಬ ಮಾತಿನಲ್ಲಿದೆ. ಅದರ ಹಳೆಯ ಅರ್ಥ ಮುದ್ದೆ, ಪೊಳ್ಳಿಲ್ಲದ ಉಂಡೆ. ತಮಿಳಿನ 'ಕಟ್ಟಿ'ಯೂ ಅದೇ. 'ಚಿನ್ನದ ಗಟ್ಟಿ'ಯಲ್ಲಿ ಆ ಅರ್ಥ ಇನ್ನೂ ಉಳಿದಿದೆ: ಚಿನ್ನ ಮೆದು ಲೋಹ, ಆದರೂ ಗಟ್ಟಿ. ಆಮೇಲೆ ದನಿ, ಮನಸ್ಸು, ಗಂಟು ಎಲ್ಲವೂ ಗಟ್ಟಿಯಾದವು. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ತಾಂತ್ರಿಕ ಬರಹದಲ್ಲಿ ಮಾತ್ರ ಒಡೆದು ಹೇಳಲೇಬೇಕು. ಗೀರು, ತಗ್ಗು ಬೀಳದಂತೆ ತಡೆಯುವುದು ಗಡಸುತನ. ಮುರಿಯುವ ಮುನ್ನ ಹೊರಬಲ್ಲ ಒತ್ತಡ ಬಲ, ಅಳತೆ ಮೆಗಾಪಾಸ್ಕಲ್‌ನಲ್ಲಿ. ಬಾಗದೆ ನಿಲ್ಲುವುದು ಬಿಗಿತ. ಇರುವ ಬಿರುಕು ಮುಂದೆ ಹರಿಯದಂತೆ ತಡೆಯುವುದು ಬಿರುಕು-ತಾಳಿಕೆ. ಪೊಳ್ಳೇ ಮೈಯಾದ ಫೋಮಿಗೆ 'ಗಟ್ಟಿ' ಎಂಬ ಮಾತು ಮೂಲಾರ್ಥದಲ್ಲಂತೂ ಒಗ್ಗುವುದೇ ಇಲ್ಲ.

ಬಲ ಕಡಿಮೆಯಾಗಲು ರಂಧ್ರಗಳಷ್ಟೇ ಕಾರಣ ಎಂದು ಬರೆಯುವುದು ಅರ್ಧ ಸತ್ಯ. ತೆರೆದ ಕೋಶಗಳ (ಒಂದಕ್ಕೊಂದು ತೆರೆದುಕೊಂಡ ರಂಧ್ರಗಳ) ಫೋಮಿಗೆ ಸಂಶೋಧಕರಾದ ಗಿಬ್ಸನ್ ಮತ್ತು ಆಶ್ಬಿ ಕೊಟ್ಟ ಲೆಕ್ಕದಲ್ಲಿ ಬಲವು ಸಾಪೇಕ್ಷ ಸಾಂದ್ರತೆಯ, ಅಂದರೆ ಪೊಳ್ಳಿಲ್ಲದ ಅದೇ ವಸ್ತುವಿಗೆ ಹೋಲಿಸಿದ ಸಾಂದ್ರತೆಯ, 1.5ನೇ ಘಾತಕ್ಕೆ ಅನುಪಾತದಲ್ಲಿದೆ. ಸಾಂದ್ರತೆ ಶೇ 10ರಿಂದ 20ಕ್ಕೆ ಏರಿದರೆ ಬಲ ಸುಮಾರು 2.8 ಪಟ್ಟು. ಆದರೆ ಅದೇ ಸಾಂದ್ರತೆಯ ಎರಡು ಫೋಮುಗಳ ಬಲದಲ್ಲೂ ದೊಡ್ಡ ಅಂತರ ಕಾಣುತ್ತದೆ. ಅದಕ್ಕೆ ಕಾರಣ ಕೋಶಗಳ ಚೌಕಟ್ಟಾದ ಸಣ್ಣ ಕಡ್ಡಿಗಳ ಒಳಗಿದೆ.

ಶ್ವಾರ್ಟ್ಸ್‌ವಾಲ್ಡರ್ ಮತ್ತು ಸೋಮರ್ಸ್ 1963ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಪಾಲಿಯುರೆಥೇನ್ ಸ್ಪಂಜನ್ನು ಸ್ಲರಿಯಲ್ಲಿ (ಸೆರಾಮಿಕ್ ಪುಡಿ ಕಲಸಿದ ನೀರುಹಿಟ್ಟಿನಲ್ಲಿ) ಅದ್ದಿ, ಹಿಂಡಿ, ಒಣಗಿಸಿ, ಸುಡುತ್ತಾರೆ. ಸ್ಪಂಜು ಸುಟ್ಟು ಹೋದ ಜಾಗದಲ್ಲಿ ಪ್ರತಿ ಕಡ್ಡಿಯೊಳಗೂ ಚೂಪು ಮೂಲೆಗಳ ತ್ರಿಕೋನ ಪೊಳ್ಳು ಉಳಿಯುತ್ತದೆ. ಸಾಲದ್ದಕ್ಕೆ, ಹಸಿ ಸ್ಲರಿ ಮೇಲ್ಮೈ ಸೆಳೆತದಿಂದಾಗಿ ಕಡ್ಡಿಯ ಅಂಚುಗಳಿಂದ ಸರಿದು, ಲೇಪ ಅಲ್ಲಿಯೇ ತೆಳುವಾಗುತ್ತದೆ. ಉದ್ದುದ್ದ ಬಿರುಕು ಏಳುವುದು ಆ ಅಂಚಿನಲ್ಲೇ.

ಆದ್ದರಿಂದ ಪರಿಹಾರವೂ ಅಲ್ಲಿಂದಲೇ ಶುರುವಾಗಬೇಕು. ಸ್ಪಂಜನ್ನು ಮೊದಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಮೈ ತರಿತರಿ ಮಾಡಿದರೆ ಸ್ಲರಿ ಹಿಡಿಯುತ್ತದೆ. ಸ್ಪಂಜು ಸುಡುವ ಹಂತದಲ್ಲಿ, 200ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ, ನಿಮಿಷಕ್ಕೆ 1 ಡಿಗ್ರಿಯಷ್ಟು ನಿಧಾನ ಬೇಕು; ಪಾಲಿಮರ್ ಸೆರಾಮಿಕ್‌ಗಿಂತ ಬಹಳ ಹೆಚ್ಚು ಹಿಗ್ಗುತ್ತದೆ, ಅನಿಲವೂ ಹೊರಬೀಳುತ್ತದೆ, ಅವಸರಿಸಿದರೆ ಲೇಪ ಒಡೆಯುತ್ತದೆ. ಎಲ್ಲಕ್ಕಿಂತ ಫಲ ಕೊಡುವುದು ಎರಡನೇ ಲೇಪ: ಫೋಮನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ಮಾತ್ರ ಮೊದಲು ಸುಟ್ಟು, ತೆಳು ಸ್ಲರಿಯಲ್ಲಿ ಮುಳುಗಿಸಿ ನಿರ್ವಾತ ಕೊಟ್ಟರೆ, ಬಿರುಕುಗಳ ಮೂಲಕವೇ ಸ್ಲರಿ ಒಳನುಗ್ಗಿ ಪೊಳ್ಳನ್ನು ತುಂಬುತ್ತದೆ. ಹೆಚ್ಚಾದದ್ದನ್ನು ಸೆಂಟ್ರಿಫ್ಯೂಜಿನಲ್ಲಿ ತೆಗೆಯಬೇಕು. ಇಲ್ಲವಾದರೆ ಕೋಶಗಳ ಕಿಟಕಿ ಮುಚ್ಚಿ, ಕರಗಿದ ಲೋಹ ಸೋಸುವ ಫಿಲ್ಟರ್ ಆಗಿ ಅದು ಕೆಲಸಕ್ಕೆ ಬಾರದು. ಕೊನೆಗೆ ಅಲ್ಯುಮಿನಾಕ್ಕೆ 1500–1600 ಡಿಗ್ರಿಯಲ್ಲಿ ಸಿಂಟರಿಂಗ್, ಅಂದರೆ ಕರಗಿಸದೆ ಕಣಗಳು ಬೆಸೆಯುವಂತೆ ಸುಡುವುದು. ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಬೆರೆಸಿದರೆ ಏರುವುದು ಮುಖ್ಯವಾಗಿ ಬಿರುಕು-ತಾಳಿಕೆ. ಅದನ್ನೂ 'ಗಡಸುತನ' ಎಂದೇ ಬರೆಯುತ್ತಾರೆ!

ಬಲದ ಅಂಕಿ ಕೊಡುವಾಗ ಯಾವ ಬಲ ಎಂದೂ ಹೇಳಬೇಕು: ಸಂಪೀಡನ (ಅಮುಕಿದಾಗಿನ) ಬಲವೋ, ಬಾಗು ಬಲವೋ. ಸಂಪೀಡನದಲ್ಲಿ ಬರಿಯ ಉಕ್ಕಿನ ತಟ್ಟೆಗಳ ನಡುವೆ ಇಟ್ಟರೆ ಹೊರಚಾಚಿದ ಕೆಲವೇ ಕಡ್ಡಿತುದಿಗಳು ಮೊದಲು ಮುರಿದು ಅಂಕಿ ಕೆಡುತ್ತದೆ. ತೆಳು ಮೆದು ಪದರ ಇಟ್ಟು ಪರೀಕ್ಷಿಸಿದ್ದರೆ ಅದನ್ನೂ ಅಂಕಿಯ ಜೊತೆಗೇ ಬರೆಯಬೇಕು.